ಬ್ಯಾರೆಲ್ ಕವರ್: ಪ್ಲಗ್‌ಗಿಂತ ವಾಸಿ, ಆದರೆ ದಾರ ನೋಡಿ ತಗೊಳ್ಳಿ

ಚಿಕ್ಕಮಗಳೂರು ಕಡೆ ರೆಸಾರ್ಟ್‌ಗಳಲ್ಲಿ ಪೇಂಟ್‌ಬಾಲ್ (ಗ್ಯಾಸ್ ಗನ್ನಿನಿಂದ ಬಣ್ಣ ತುಂಬಿದ ಬಾಲ್ ಹೊಡೆಯುವ ಆಟ) ಆಡುವವರಿಗೆ ಮೈದಾನದೊಳಗೆ ಮಾಸ್ಕ್ ಇರುತ್ತದೆ. ಆಟ ಮುಗಿಸಿ, ಮಾಸ್ಕ್ ತೆಗೆದು ಕಾಫಿಗೆ ಕೂತ ಮೇಲೆ ಅಪಾಯ ತಡೆಯಬೇಕಾದದ್ದು ಬ್ಯಾರೆಲ್ ಕವರ್, ಅಂದರೆ ಗನ್ನಿನ ನಳಿಗೆಯ ಮೂತಿಗೆ ತೊಡಿಸುವ ಈ ಬಟ್ಟೆಚೀಲ. 0.68 ಇಂಚಿನ ಬಾಲ್ ಸೆಕೆಂಡಿಗೆ ಸುಮಾರು 280 ಅಡಿ ವೇಗದಲ್ಲಿ ಹೊರಡುತ್ತದೆ. ಬರಿಗಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು.

ಬ್ಯಾರೆಲ್ ಒಳಗೆ ತುರುಕುವ ಪ್ಲಗ್ ನಿಲ್ಲುವುದು ರಬ್ಬರ್ ರಿಂಗಿನ ಬಿಗಿಯಿಂದ ಮಾತ್ರ. ಮೊದಲ ಬಾಲ್ ಒಡೆದು ಬಣ್ಣ ಜಾರಿದರೆ ಸಾಕು, ಎರಡನೆಯದು ಪ್ಲಗ್ಗನ್ನೇ ಹೊರಗೆ ಎಸೆಯುತ್ತದೆ. ಕವರ್ ಹಾಗಲ್ಲ. ಎಲಾಸ್ಟಿಕ್ ದಾರ ಗನ್ನಿನ ಹಿಂಭಾಗಕ್ಕೆ ಸುತ್ತಿ ಕೂರುವುದರಿಂದ ಬಾಲ್ ಬಂದರೂ ಚೀಲ ಹಿಗ್ಗಿ ಒಳಗೇ ಹಿಡಿದುಕೊಳ್ಳುತ್ತದೆ. ನಮ್ಮ ಓಟು ಇದಕ್ಕೇ.

ಕಡಿಮೆ ಬೆಲೆಯವುಗಳಲ್ಲಿ ಕೈಕೊಡುವುದು ದಾರವನ್ನು ಬಿಗಿಯಾಗಿ ಹಿಡಿದಿಡುವ ಪ್ಲಾಸ್ಟಿಕ್ ಸ್ಟಾಪರ್. ಅದು ಜಾರಿದರೆ ದಾರ ಸಡಿಲ, ಕವರ್ ಬರೀ ಅಲಂಕಾರ. ಬಿಗಿ ಮಾಡಿದ ಮೇಲೆ ಸ್ಟಾಪರ್ ಪಕ್ಕದಲ್ಲೇ ಒಂದು ಗಂಟು ಹಾಕಿ, ಚೀಲವನ್ನು ಮುಂದಕ್ಕೆ ಎಳೆದು ನೋಡಿ, ಕಳಚಿ ಬರಬಾರದು. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಬಿಟ್ಟರೆ ಎಲಾಸ್ಟಿಕ್ ಬೇಗ ಸೊರಗುತ್ತದೆ. ಚೀಲದ ಒಳಮಗ್ಗುಲು ಹೊರಗೆ ಬರುವಂತೆ ತಿರುವಿ ಬರಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಒಳಗಿನ ಬಣ್ಣ ಹಾಗೇ ಉಳಿದರೆ ಬ್ಯಾರೆಲ್ಲಿಗೆ ಮೆತ್ತಿ ಮುಂದಿನ ಬಾಲ್ ದಿಕ್ಕು ತಪ್ಪುತ್ತದೆ.

ಕವರ್ ಇದೆ ಅಂತ ಗ್ಯಾಸ್ ತೆಗೆಯದೆ ಇಡಬೇಡಿ. ಮಾಸ್ಕ್ ಹಾಕಿಕೊಂಡೇ, ಮೈದಾನದೊಳಗೆ, ಮೊದಲು ಹಾಪರ್ (ಗನ್ನಿನ ಮೇಲೆ ಬಾಲ್ ತುಂಬಿಡುವ ಡಬ್ಬಿ) ಕಳಚಿ. ಒಳಗುಳಿದ ಬಾಲ್ ಖಾಲಿ ಜಾಗಕ್ಕೆ ಹೊಡೆಯಿರಿ. ಗ್ಯಾಸ್ ಟ್ಯಾಂಕನ್ನು ಬಿಚ್ಚುವ ಕಡೆಗೆ ಮುಕ್ಕಾಲು ಸುತ್ತು ತಿರುಗಿಸಿ ನಿಲ್ಲಿಸಿ, ಸದ್ದು ನಿಲ್ಲುವ ತನಕ ಟ್ರಿಗರ್ ಒತ್ತಿ, ಆಮೇಲೆ ಪೂರ್ತಿ ಬಿಚ್ಚಿ. ಒತ್ತಡ ಇರುವಾಗಲೇ ಎಳೆದರೆ ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಬಳೆ (ಓ-ರಿಂಗ್) ಹರಿಯುತ್ತದೆ. ಕೊನೆಗೆ ಕವರ್, ಅದಾದ ಮೇಲೆ ಮಾಸ್ಕ್ ತೆಗೆಯುವುದು.

ಇನ್ನೊಂದು, ತುಂಬಾ ಮುಖ್ಯ. ಟ್ಯಾಂಕಿನ ವಾಲ್ವ್‌ನಿಂದ ಸಿಲಿಂಡರ್ ಮೇಲಕ್ಕೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದಿಡಿ. ಬಿಚ್ಚುವಾಗ ಆ ಗೆರೆ ತುಂಡಾಗಿ ಪಕ್ಕ ಸರಿದರೆ ಗನ್ನಿಂದ ಟ್ಯಾಂಕ್ ಬಿಚ್ಚುತ್ತಿಲ್ಲ, ಸಿಲಿಂಡರಿನಿಂದ ವಾಲ್ವೇ ಬಿಚ್ಚುತ್ತಿದೆ ಅಂತ ಅರ್ಥ. ತಕ್ಷಣ ಕೈ ಬಿಡಿ. ಹಾಗೇ ತಿರುಗಿಸಿದರೆ ಸಿಲಿಂಡರ್ ಸಿಡಿದು ಹಾರಿ ಪ್ರಾಣಕ್ಕೇ ಬರುತ್ತದೆ.

ಹಾಸನದಲ್ಲಿ ಊಟಕ್ಕೆ ನಿಲ್ಲಿಸಿ ಕಾರನ್ನು ಬಿಸಿಲಲ್ಲಿ ಬಿಡುವವರು ಕಾರ್ಬನ್ ಡೈಆಕ್ಸೈಡ್ ಟ್ಯಾಂಕನ್ನು ಒಳಗೆ ಬಿಡಬಾರದು. 21 ಡಿಗ್ರಿಯಲ್ಲೇ ಒತ್ತಡ 850 ಪಿಎಸ್ಐ (ಚದರ ಇಂಚಿಗೆ ಪೌಂಡ್) ಆಸುಪಾಸು. ಕಾದಂತೆ ಸರ್ರನೆ ಏರುತ್ತದೆ, ತೂಕ ಮೀರಿ ತುಂಬಿದ್ದರೆ ಇನ್ನೂ ಬೇಗ. ಟ್ಯಾಂಕಿನ ಮೇಲೆ ಬರೆದ ತೂಕದಷ್ಟೇ ತುಂಬಿಸಿ, ತಕ್ಕಡಿಯಲ್ಲಿಟ್ಟು ನೋಡಿಯೇ ಮನೆಗೆ ತನ್ನಿ.