ಕಾಣೆಯಾದವರ ತನಿಖೆ ನಿಂತುಹೋದಾಗ ಖಾಸಗಿ ಪತ್ತೇದಾರರು: ಯಾವ ಕೆಲಸಕ್ಕೆ ಕೊಡಬಹುದು, ಯಾವುದಕ್ಕೆ ಕೊಡಬಾರದು

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಾಣೆಯಾದವರನ್ನು ಹುಡುಕುವ ಖಾಸಗಿ ಪತ್ತೇದಾರಿ ಸೇವೆ ಓಡಾಟದ ಕೆಲಸಕ್ಕೆ ಒಳ್ಳೆಯದು, ಗುಟ್ಟಿನ ಮಾಹಿತಿಗೆ ಅಪಾಯಕಾರಿ. ಮನೆಮನೆಗೆ ಹೋಗಿ ಮತ್ತೊಮ್ಮೆ ವಿಚಾರಿಸುವುದು, ಹಳೆಯ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ಓದುವುದು, ಆಸ್ಪತ್ರೆ, ನಿರಾಶ್ರಿತರ ಕೇಂದ್ರ, ಶವಾಗಾರಗಳನ್ನು ಇನ್ನೊಂದು ಸಲ ಜಾಲಾಡುವುದು, ಇವಕ್ಕೆಲ್ಲ ಪೊಲೀಸರಿಗೆ ಪುರುಸೊತ್ತಿರುವುದಿಲ್ಲ. ಒಳ್ಳೆಯ ಪತ್ತೇದಾರ ಮಾರುವುದು ಆ ಪುರುಸೊತ್ತನ್ನೇ. ಕಾಲ್ ರೆಕಾರ್ಡ್, ಬ್ಯಾಂಕ್ ಖಾತೆಯ ವಿವರ, ಟವರ್ ಲೊಕೇಶನ್ ತರಿಸಿಕೊಡುತ್ತೇವೆ ಎನ್ನುವವರು ಮಾರುವ ಸರಕೇ ಬೇರೆ.

ದುಡ್ಡು ಬಿಚ್ಚುವ ಮೊದಲು ತನಿಖೆ ಯಾಕೆ ನಿಂತಿದೆ ಎಂದು ತಿಳಿದುಕೊಳ್ಳಬೇಕು. ಸುಳಿವೇ ಇಲ್ಲದೆ ನಿಂತಿರಬಹುದು. ಸುಳಿವಿದ್ದೂ ಅದರ ಬೆನ್ನು ಹತ್ತುವವರಿಲ್ಲದೆ ನಿಂತಿರಬಹುದು: ತನಿಖಾಧಿಕಾರಿಗೆ ವರ್ಗವಾಗಿರುತ್ತದೆ, ಇಲ್ಲವೇ ಎರಡು ಠಾಣೆಗಳ ಸರಹದ್ದಿನ ನಡುವೆ ಕಡತ ಸಿಕ್ಕಿಕೊಂಡಿರುತ್ತದೆ. ಮೂರನೆಯದೂ ಒಂದಿದೆ: ಕೆಲಸ ನಡೆಯುತ್ತಲೇ ಇರುತ್ತದೆ, ಮನೆಯವರಿಗೆ ಹೇಳುತ್ತಿರುವುದಿಲ್ಲ, ಅಷ್ಟೆ. ಖಾಸಗಿಯವರು ನಿಜವಾಗಿ ಉಪಯೋಗಕ್ಕೆ ಬರುವುದು ಎರಡನೆಯ ಸಂದರ್ಭದಲ್ಲಿ. ಮೂರನೆಯದರಲ್ಲಿ ಹಣ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಜೊತೆಗೆ ತನಿಖೆಗೆ ಅಡ್ಡಗಾಲು ಬೇರೆ. ಆದ್ದರಿಂದ ಮೊದಲು ಲಿಖಿತವಾಗಿ ಕೇಳಿ: ಯಾರ್‍ಯಾರ ಹೇಳಿಕೆ ಪಡೆದಿದ್ದೀರಿ, ಯಾವ ಕ್ಯಾಮೆರಾಗಳ ದೃಶ್ಯ ತೆಗೆದಿಟ್ಟಿದ್ದೀರಿ, ಫೋನ್ ದಾಖಲೆ ತರಿಸಿದ್ದೀರಾ, ಗುರುತು ಸಿಗದ ಶವಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಿದ್ದೀರಾ? ಎಲ್ಲಕ್ಕೂ ಉತ್ತರ ಸಿಗಲಾರದು. ಸಿಕ್ಕಷ್ಟೇ ಪತ್ತೇದಾರನ ಮೊದಲ ಕಡತ.

ಖರ್ಚಿಲ್ಲದೆ ಮನೆಯವರೇ ಮಾಡಬೇಕಾದ ಕೆಲಸಗಳೂ ಇವೆ. ಇವನ್ನು ಮಾಡದೆ ಪತ್ತೇದಾರನನ್ನು ಕರೆದರೆ, ಇದೇ ಕೆಲಸಕ್ಕೆ ಆತ ಗಂಟೆ ಲೆಕ್ಕದಲ್ಲಿ ಬಿಲ್ ಹಾಕುತ್ತಾನೆ. ಕಾಣೆಯಾದವರ ಫೋನ್ ನಂಬರ್ ಸಾಯದಂತೆ ರೀಚಾರ್ಜ್ ಮಾಡಿಸುತ್ತಲೇ ಇರಿ. ನಿಂತುಹೋದ ನಂಬರನ್ನು ಕಂಪನಿ ಕೆಲಕಾಲದ ನಂತರ ಬೇರೆಯವರಿಗೆ ಕೊಡುತ್ತದೆ, ಅಲ್ಲಿಗೆ ಮನೆಗೆ ಕರೆ ಬರುವ ಒಂದು ದಾರಿ ಮುಚ್ಚಿದಂತೆ. ಮನೆಯ ಕಂಪ್ಯೂಟರಿನಲ್ಲಿ ಅವರ ಇಮೇಲ್ ತೆರೆದೇ ಇದ್ದರೆ ಲಾಗ್‌ಔಟ್ ಮಾಡಬೇಡಿ, ಪಾಸ್‌ವರ್ಡ್ ಬದಲಿಸಬೇಡಿ. ಪಾಸ್‌ವರ್ಡ್ ಬದಲಿಸಿದರೆ ಅವರ ಕೈಯಲ್ಲಿರುವ ಫೋನೂ ಆ ಖಾತೆಯಿಂದ ಹೊರಬಿದ್ದು, ಸಿಗಬಹುದಾಗಿದ್ದ ಲೊಕೇಶನ್ ತಪ್ಪಿಹೋಗಬಹುದು. ಹಲ್ಲುಜ್ಜುವ ಬ್ರಷ್, ಬಾಚಣಿಗೆಗಳನ್ನು ಕಾಗದದ ಲಕೋಟೆಯಲ್ಲಿ ಎತ್ತಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ತೇವ ಒಳಗೇ ಉಳಿದರೆ ಡಿಎನ್‌ಎ ಹಾಳಾಗುತ್ತದೆ. ದಂತವೈದ್ಯರ ಹತ್ತಿರ ಎಕ್ಸ್‌ರೇ ಇದ್ದರೆ ನಕಲು ಪಡೆದಿಡಿ. ಅಪರಿಚಿತ ಶವ ಗುರುತಿಸಲು ಇಂಟರ್‌ಪೋಲ್ ಮುಖ್ಯವೆಂದು ಪರಿಗಣಿಸುವುದು ಮೂರನ್ನೇ: ಬೆರಳಚ್ಚು, ಹಲ್ಲು, ಡಿಎನ್‌ಎ. ವಿದೇಶಕ್ಕೆ ಹೋಗಿರಬಹುದೆಂಬ ಅನುಮಾನವಿದ್ದರೆ ಇಂಟರ್‌ಪೋಲ್‌ನ ಹಳದಿ ನೋಟಿಸ್‌ಗೆ, ಅಂದರೆ ಕಾಣೆಯಾದವರನ್ನು ಹುಡುಕಲು ಬೇರೆ ದೇಶಗಳ ಪೊಲೀಸರಿಗೆ ಹೋಗುವ ಸೂಚನೆಗೆ, ಪೊಲೀಸರ ಮೂಲಕವೇ ಅರ್ಜಿ ಹೋಗಬೇಕು. ಅದನ್ನು ತಾನೇ ಹೊರಡಿಸುತ್ತೇನೆ ಎನ್ನುವ ಪತ್ತೇದಾರನಿಗೆ ಅಲ್ಲೇ ನಮಸ್ಕಾರ ಹೇಳಿಬಿಡಿ.

ಸಂಸ್ಥೆ ಆರಿಸುವಾಗ ಲೈಸೆನ್ಸ್ ನೋಡಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಆದರೆ ಅದು ಎಲ್ಲೆಡೆ ನಡೆಯುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್ ಕಡ್ಡಾಯ, ನಂಬರ್ ಪರಿಶೀಲಿಸಬಹುದು. ಬ್ರಿಟನ್ನಿನಲ್ಲಿ 2001ರ ಕಾಯ್ದೆ ಅವಕಾಶ ಕೊಟ್ಟರೂ ಪತ್ತೇದಾರರ ಲೈಸೆನ್ಸ್ ಜಾರಿಗೆ ಬರಲಿಲ್ಲ. ಭಾರತದಲ್ಲಿ 2007ರಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲಿಲ್ಲ. ಇಂಥ ಕಡೆ ಕಂಪನಿ ನೋಂದಣಿ ಪತ್ರವನ್ನೇ ಲೈಸೆನ್ಸ್ ಎಂದು ಗೋಡೆಗೆ ತೂಗುಹಾಕಿರುತ್ತಾರೆ. ಅದಕ್ಕಿಂತ ನಂಬಬಹುದಾದ ಲಕ್ಷಣ ಅವರು ನಿಮಗೆ ಕೇಳುವ ಪ್ರಶ್ನೆಗಳು. ಕಾಣೆಯಾದವರಿಗೂ ನಿಮಗೂ ಏನು ಸಂಬಂಧ, ನಿಮ್ಮ ಗುರುತಿನ ಚೀಟಿ ಎಲ್ಲಿ, ದೂರಿನ ಪ್ರತಿ ಇದೆಯೇ, ಮನೆಯಲ್ಲಿ ಜಗಳ, ಹೊಡೆತ ಅಥವಾ ನ್ಯಾಯಾಲಯದ ತಡೆಯಾಜ್ಞೆ ಇತ್ತೇ ಎಂದೆಲ್ಲ ಕೇಳಿದರೆ ಮುಜುಗರಪಡಬೇಡಿ. ಹಿಂಸೆ ತಾಳದೆ ಓಡಿಹೋದವರನ್ನು ಹಿಂಸಿಸಿದವರೇ ಹುಡುಕಿಸುವುದುಂಟು. ಅದನ್ನು ಕೇಳದೆ ಮುಂಗಡ ಎಣಿಸಿಕೊಳ್ಳುವವನಿಗೆ ನಿಮ್ಮ ಕೇಸಿನ ಮೇಲೂ ಅಷ್ಟೇ ಕಾಳಜಿ.

ಇನ್ನು ಕೆಲಸದ ಗುಣಮಟ್ಟ. ಒಳ್ಳೆಯ ಸಂಸ್ಥೆ ಮೊದಲ ದಿನವೇ ಬೀದಿಗೆ ಇಳಿಯುವುದಿಲ್ಲ. ಮೊದಲ ಹತ್ತು-ಹದಿನೈದು ಗಂಟೆ ಕೂತು ಕಾಲಾನುಕ್ರಮ ಕಟ್ಟುತ್ತದೆ: ಕೊನೆಯದಾಗಿ ಕಂಡದ್ದಕ್ಕೆ ಹಿಂದಿನ 72 ಗಂಟೆ, ಮುಂದಿನ 48 ಗಂಟೆ. ಪ್ರತಿ ಸಾಲಿನ ಎದುರು ಮೂಲ ಬರೆಯಬೇಕು. ಯಾರು ಹೇಳಿದರು, ಯಾವಾಗ ಹೇಳಿದರು, ತಾವೇ ಕಂಡದ್ದೋ ಕೇಳಿದ್ದೋ? ಹೀಗೆ ಬರೆದಾಗ ‘ಕೊನೆಯದಾಗಿ ಕಂಡವರು’ ಎನಿಸಿಕೊಂಡವರು ಕೆಲವೊಮ್ಮೆ ಕಂಡೇ ಇರುವುದಿಲ್ಲ, ಪಕ್ಕದವರು ಹೇಳಿದ್ದನ್ನು ತಮ್ಮದಾಗಿ ಹೇಳಿರುತ್ತಾರೆ. ಹುಡುಕಾಟದ ಕೇಂದ್ರಬಿಂದುವೇ ತಪ್ಪಿದ್ದು ಅಲ್ಲಿ ಗೊತ್ತಾಗುತ್ತದೆ.

ಸಿಸಿಟಿವಿಯಲ್ಲಂತೂ ಕೆಲಸ ಬಲ್ಲವರು ಯಾರೆಂದು ಒಂದೇ ಫೋಟೋದಲ್ಲಿ ಹೇಳಬಹುದು. ಎಷ್ಟೋ ರೆಕಾರ್ಡರ್‌ಗಳ ಗಡಿಯಾರ ತಪ್ಪಿರುತ್ತದೆ, ಕೆಲವು ನಿಮಿಷ, ಒಮ್ಮೊಮ್ಮೆ ಇಡೀ ಒಂದು ಗಂಟೆ. ಬಲ್ಲವರು ದೃಶ್ಯವನ್ನು ನಕಲು ಮಾಡುವ ಮೊದಲು ರೆಕಾರ್ಡರ್ ಪರದೆಯ ಸಮಯ, ಪಕ್ಕದಲ್ಲಿ ಹಿಡಿದ ಮೊಬೈಲಿನ ಸಮಯ, ಎರಡೂ ಕಾಣುವಂತೆ ಫೋಟೋ ತೆಗೆದು ವ್ಯತ್ಯಾಸ ಬರೆದಿಡುತ್ತಾರೆ. ಪರದೆಯಲ್ಲಿ 5.40ಕ್ಕೆ ಕಂಡವರು ನಿಜಕ್ಕೂ 5.52ಕ್ಕೆ ಅಲ್ಲಿದ್ದರು ಎಂದಾದರೆ ಅವರು 5.45ರ ಬಸ್ ಹತ್ತಿಲ್ಲ. ಆ ಬಸ್ಸಿನ ದಾರಿಯುದ್ದಕ್ಕೂ ನಡೆದ ವಿಚಾರಣೆಯೆಲ್ಲ ತಪ್ಪು ದಿಕ್ಕಿನದು. ಜೊತೆಗೆ ಇನ್ನೊಂದು: ಅಂಗಡಿ, ಮನೆಗಳ ರೆಕಾರ್ಡರ್‌ಗಳಲ್ಲಿ ಹೆಚ್ಚಿನವು ಒಂದು ವಾರದಿಂದ ಒಂದು ತಿಂಗಳೊಳಗೆ ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಕೊಳ್ಳುತ್ತವೆ. ಮೂರು ತಿಂಗಳ ಮೇಲೆ ಬಂದವರು ಬಿಲ್ಲಿನಲ್ಲಿ ‘ಸಿಸಿಟಿವಿ ಪರಿಶೀಲನೆ, ಆರು ಗಂಟೆ’ ಎಂದು ಬರೆದಿದ್ದರೆ, ಪರಿಶೀಲಿಸಿದ್ದು ಏನನ್ನು ಎಂದು ಕೇಳಿ. ಆಗ ಹುಡುಕಬೇಕಾದದ್ದು ಕ್ಯಾಮೆರಾವನ್ನಲ್ಲ. ಆ ದಿನದ ಬೇರೆ ಯಾವುದೋ ಕಳ್ಳತನಕ್ಕೋ ಅಪಘಾತಕ್ಕೋ ಯಾರಾದರೂ ನಕಲು ತೆಗೆದಿಟ್ಟಿದ್ದಾರೆಯೇ ಎಂಬುದನ್ನು.

ಮರುವಿಚಾರಣೆಯಲ್ಲಿ ಎಡವುವವರೇ ಹೆಚ್ಚು. ‘ಕೆಂಪು ಅಂಗಿ ಹಾಕಿದ್ದರಲ್ವಾ?’ ಎಂದು ಕೇಳಿದರೆ ಎದುರಿನವರ ನೆನಪಿನಲ್ಲಿ ಅಂಗಿ ಕೆಂಪಗಾಗುತ್ತದೆ. ಅಪಘಾತದ ದೃಶ್ಯ ತೋರಿಸಿ ವಾಹನದ ವೇಗ ಕೇಳಿದಾಗ, ಪ್ರಶ್ನೆಯ ಒಂದು ಕ್ರಿಯಾಪದ ಬದಲಾದರೆ ನೋಡಿದವರ ಅಂದಾಜೂ ಬದಲಾಗುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1974ರಲ್ಲೇ ತೋರಿಸಿದ್ದರು. ‘ಅವತ್ತು ಏನೇನು ನೋಡಿದಿರಿ, ಮೊದಲಿಂದ ಹೇಳಿ’ ಎಂದು ಬಿಟ್ಟು ಕೂರುವವರು ಬೇಕು. ಮಾದರಿ ವರದಿ ತೋರಿಸಿ ಎನ್ನಿ, ಹೆಸರು ಅಳಿಸಿದ್ದು ಸಾಕು. ಪ್ರಶ್ನೆ ಕೇಳಿದ ರೀತಿ ಅದರಲ್ಲಿ ಕಾಣುತ್ತದೆ. ಮರೆವಿನ ಕಾಯಿಲೆಯ ಹಿರಿಯರು ಕಾಣೆಯಾಗಿದ್ದರೆ ದೂರದ ಊರುಗಳ ಪಟ್ಟಿ ಹಿಡಿದು ಬರುವವರನ್ನು ನಂಬಬೇಡಿ. ಅಂಥವರು ಬಹಳ ಸಲ ಮನೆಯಿಂದ ಒಂದೆರಡು ಕಿಲೋಮೀಟರ್ ಒಳಗೇ, ದಾರಿ ಬಿಟ್ಟು ಪೊದೆಯಲ್ಲೋ ಚರಂಡಿಯಂಚಿನಲ್ಲೋ ಸಿಕ್ಕಿಕೊಂಡಿರುತ್ತಾರೆ. ಹೋದ ಜಾಗಕ್ಕೇ ಮತ್ತೆ ಹೋಗಿ ಹುಡುಕುವುದು ಅಲ್ಲಿ ದಡ್ಡತನವಲ್ಲ.

ಅಪಾಯದ ಸರಕಿನ ಮಾತಿಗೆ ಬರೋಣ. ಅಮೆರಿಕದಲ್ಲಿ ಸುಳ್ಳು ಹೇಳಿ ಇನ್ನೊಬ್ಬರ ಬ್ಯಾಂಕ್ ವಿವರ ಪಡೆಯುವುದು 1999ರಿಂದಲೂ, ಫೋನ್ ದಾಖಲೆ ಪಡೆಯುವುದು 2007ರಿಂದಲೂ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇರೆ ದೇಶಗಳಲ್ಲೂ ಇವನ್ನು ತರಿಸುವ ಅಧಿಕಾರ ಸಾಮಾನ್ಯವಾಗಿ ಪೊಲೀಸರದು, ನ್ಯಾಯಾಲಯದ್ದು. ಬ್ರಿಟನ್ನಿನಲ್ಲಿ 2002ರಲ್ಲಿ ಕಾಣೆಯಾಗಿದ್ದ ಶಾಲಾ ಬಾಲಕಿಯೊಬ್ಬಳ ವಾಯ್ಸ್‌ಮೇಲನ್ನು ಪತ್ರಿಕೆಯೊಂದಕ್ಕೆ ಕೆಲಸ ಮಾಡುತ್ತಿದ್ದ ಖಾಸಗಿ ಪತ್ತೇದಾರನ ಮೂಲಕ ಕದ್ದು ಕೇಳಿದ್ದು 2011ರಲ್ಲಿ ಬಯಲಾಗಿ, ಆ ತಿಂಗಳೇ ಪತ್ರಿಕೆ ಮುಚ್ಚಿತು. ಮನೆಯವರ ಮಟ್ಟಿಗೆ ತೊಂದರೆ ಇನ್ನೂ ನೇರ: ಕದ್ದ ದಾಖಲೆ ನ್ಯಾಯಾಲಯದಲ್ಲಿ ಪ್ರಶ್ನೆಗೆ ಒಳಗಾಗುತ್ತದೆ, ತರಿಸಿದವರೂ ಆರೋಪಿಯಾಗಬಹುದು. ಫೋನ್ ದಾಖಲೆ ಬೇಕೇ ಬೇಕು ಎಂದಿದ್ದರೆ ವಕೀಲರ ಮೂಲಕ ನ್ಯಾಯಾಲಯದ ಆದೇಶ ಕೇಳಿ; ಪತ್ತೇದಾರನ ಕಾಲಾನುಕ್ರಮವನ್ನು ಆ ಅರ್ಜಿಗೆ ಲಗತ್ತಿಸಿ. ನಮ್ಮ ಪ್ರಕಾರ ಆ ಕಾಲಾನುಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಶುಲ್ಕವನ್ನು ಹಂತಹಂತವಾಗಿ ಕೊಡುವ ಒಪ್ಪಂದ ಮಾಡಿಕೊಳ್ಳಿ. ಮೊದಲ ಹಂತ ಕಡತ ಓದಿ ಕಾಲಾನುಕ್ರಮ ಕಟ್ಟುವುದಷ್ಟೇ. ಆ ವರದಿ ಕೈಗೆ ಬಂದ ಮೇಲೆ ಎರಡನೆಯದು ಬೇಕೋ ಬೇಡವೋ ನೋಡೋಣ. ಪ್ರತಿ ಹಂತಕ್ಕೂ ಗಂಟೆಗಳ ಮಿತಿ ಇರಲಿ, ಮಿತಿ ದಾಟಲು ಲಿಖಿತ ಒಪ್ಪಿಗೆ ಬೇಕೆಂದಿರಲಿ. ‘ಸಿಕ್ಕರೆ ಮಾತ್ರ ಹಣ’ ಎಂಬ ಮಾತು ಕೇಳಲು ಹಿತ, ಆದರೆ ಅದು ಅಡ್ಡದಾರಿಗೆ ಕೊಟ್ಟ ಪ್ರೋತ್ಸಾಹಧನ. ಒಂದು ಮನೆಯ ಮೇಲೆ ಕಣ್ಣಿಡುವ ಕೆಲಸ ಒಬ್ಬರಿಂದಾಗುವುದಿಲ್ಲ, ಕನಿಷ್ಠ ಇಬ್ಬರು ಬೇಕು. ಒಬ್ಬನನ್ನೇ ಕಳಿಸಿ ಇಬ್ಬರ ಬಿಲ್ ಹಾಕುವುದು ಈ ಕಸುಬಿನ ಹಳೆಯ ಚಾಳಿ. ದಿನಚರಿಯಲ್ಲಿ ಹೆಸರು, ಹೋದ ಜಾಗ, ಸಮಯ ಬರೆಯಲು ಹೇಳಿ. ಹೊಸ ಸುಳಿವು ಸಿಕ್ಕಿದ 24 ಗಂಟೆಯೊಳಗೆ ತನಿಖಾಧಿಕಾರಿಗೆ ತಿಳಿಸಬೇಕು, ಸಿಕ್ಕ ವಸ್ತುವನ್ನು ಮುಟ್ಟದೆ ಫೋಟೋ ತೆಗೆದು ಪೊಲೀಸರಿಗೆ ತೋರಿಸಬೇಕು, ಮನೆಯವರ ಅನುಮತಿಯಿಲ್ಲದೆ ಮಾಧ್ಯಮದವರ ಜೊತೆ ಮಾತಿಲ್ಲ. ಈ ಮೂರೂ ಒಪ್ಪಂದದಲ್ಲೇ ಇರಬೇಕು.

ಪೋಸ್ಟರ್ ಹಾಕಿಸುತ್ತಾರಾದರೆ ಮನೆಯ ನಂಬರ್ ಕೊಡಬೇಡಿ, ಹೊಸದೊಂದು ತೆಗೆದುಕೊಳ್ಳಿ. ಮೈಮೇಲಿನ ಒಂದು ಗುರುತನ್ನು, ಇಲ್ಲವೇ ಜೇಬಿನಲ್ಲಿದ್ದ ಒಂದು ವಸ್ತುವನ್ನು ಎಲ್ಲೂ ಹೇಳದೆ ಮುಚ್ಚಿಡಿ. ‘ನಿಮ್ಮವರು ನಮ್ಮ ಹತ್ತಿರ ಇದ್ದಾರೆ, ಖರ್ಚಿಗೆ ಇಷ್ಟು ಕಳಿಸಿ’ ಎಂಬ ಕರೆ ಬಂದೇ ಬರುತ್ತದೆ, ಬಹುಮಾನ ಘೋಷಿಸಿದರಂತೂ ಇನ್ನೂ ಬೇಗ. ಆ ಗುರುತು ಹೇಳಲಾರದವರಿಗೆ ಒಂದು ಪೈಸೆಯೂ ಬೇಡ.

ಕಾಣೆಯಾದವರು ವಯಸ್ಕರಾಗಿದ್ದು, ಸಿಕ್ಕಿ, ‘ನಾನೆಲ್ಲಿದ್ದೇನೆಂದು ಹೇಳಬೇಡಿ’ ಎಂದರೆ ಒಳ್ಳೆಯ ಪತ್ತೇದಾರ ವಿಳಾಸ ಕೊಡುವುದಿಲ್ಲ. ಬದುಕಿದ್ದಾರೆಂದು ಪೊಲೀಸರಿಗೆ ತಿಳಿಸಿ, ನಿಮ್ಮ ಪತ್ರವನ್ನು ಅವರಿಗೆ ತಲುಪಿಸುತ್ತಾನೆ, ಅಷ್ಟೆ. ಇದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಹೇಳುವವರಿಗೆ ನಾವು ಹೆಚ್ಚು ಅಂಕ ಕೊಡುತ್ತೇವೆ. ಯಾರೂ ಸಿಗದಿದ್ದರೂ ಕೊನೆಯ ಕಂತು ಕೊಡುವ ಮುನ್ನ ಕಡತ ಪೂರ್ತಿ ಕೇಳಿ ಪಡೆಯಿರಿ: ಮಾತಾಡಿಸಿದವರ ಪಟ್ಟಿ, ಮಾತಾಡಲು ಒಪ್ಪದವರ ಪಟ್ಟಿ, ಧ್ವನಿಮುದ್ರಣಗಳು, ಫೋಟೋಗಳ ಮೂಲ ಫೈಲುಗಳು, ಹುಡುಕಿ ಕೈಬಿಟ್ಟ ಜಾಗಗಳ ನಕ್ಷೆ ಮತ್ತು ಕೈಬಿಟ್ಟ ಕಾರಣ. ಒಂದು ಪ್ರತಿ ಠಾಣೆಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.