ದೊಡ್ಡ ಥ್ರಾಟಲ್ ಬಾಡಿ ಹಾಕಿಸುವ ಮೊದಲು ಇದನ್ನೊಮ್ಮೆ ಓದಿ

ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಕೊಳವೆಗೆ ಥ್ರಾಟಲ್ ಬಾಡಿ ಅನ್ನುತ್ತಾರೆ. ರೇಸ್ ತಿರುಗಿಸಿದಾಗ ತೆರೆಯುವ ತಟ್ಟೆ, ಅಂದರೆ ಚಿಟ್ಟೆ ವಾಲ್ವ್, ಅದರೊಳಗೇ ಇರುತ್ತದೆ. ಸಣ್ಣ ಬೈಕಿಗೆ ದೊಡ್ಡ ಥ್ರಾಟಲ್ ಬಾಡಿ ಹಾಕಿಸಿದರೆ ಪಿಕಪ್ ಜಾಸ್ತಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ, ದುಡ್ಡು ಕೊಡುವ ಮೊದಲು ಸ್ವಲ್ಪ ತಡೆಯಿರಿ. ಎಂಜಿನ್ನಿನ ಉಳಿದ ಯಾವುದನ್ನೂ ಮುಟ್ಟದೆ ಅದೊಂದನ್ನೇ ಬದಲಿಸಿದರೆ ಹೇಳಿಕೊಳ್ಳುವಂಥ ಪವರ್ ಬರುವುದಿಲ್ಲ. ಬರುವುದು ತೊಂದರೆ. ಶಿರಸಿ, ಕುಮಟಾ, ಕಾರವಾರದ ಕಡೆ ಘಟ್ಟ ಹತ್ತಿ ಇಳಿಯುವವರಿಗಂತೂ ಇದು ತಿಳಿದಿರಲೇಬೇಕು. ಹಾಗಾಗಿ ನನ್ನ ಗಾಡಿಗೆ ಆಗಿದ್ದನ್ನು ಬರೆಯುತ್ತಿದ್ದೇನೆ.

ನನ್ನದು 150 ಸಿಸಿ ಬೈಕು, ಫ್ಯೂಯಲ್ ಇಂಜೆಕ್ಷನ್. ಕಂಪನಿಯಿಂದ ಬಂದಿದ್ದು 28 ಎಂಎಂ ಥ್ರಾಟಲ್ ಬಾಡಿ. ಅದನ್ನು ತೆಗೆದು ಕರಾವಳಿಯ ಒಂದು ಮಾಡಿಫಿಕೇಶನ್ ಅಂಗಡಿಯಲ್ಲಿ 34 ಎಂಎಂದು ಕೂರಿಸಿದರು. ಅಂಗಡಿಯ ಹೆಸರು ಬೇಡ. ಇದೇ ಮಾತು ಹೇಳಿ ಮಾರುವವರು ಎಲ್ಲ ಊರಲ್ಲೂ ಇದ್ದಾರೆ. "ಗಾಳಿ ಹೋಗುವ ದಾರಿ ಒಂದೂವರೆ ಪಟ್ಟು ಆಗ್ತದೆ, ಗಾಡಿ ಹಾರ್ತದೆ ನೋಡಿ" ಅಂದಿದ್ದರು. ದಾರಿಯ ಲೆಕ್ಕ ಸುಳ್ಳಲ್ಲ. ವ್ಯಾಸ 28ರಿಂದ 34ಕ್ಕೆ ಹೋದರೆ ತೂತಿನ ವಿಸ್ತೀರ್ಣ ಸುಮಾರು ಶೇ 47ರಷ್ಟು ಹೆಚ್ಚುತ್ತದೆ. ಆದರೆ ಎಂಜಿನ್ ಅಷ್ಟು ಹೆಚ್ಚು ಗಾಳಿ ಎಳೆಯುತ್ತದೆ ಅನ್ನುವುದು ಸುಳ್ಳು.

ಕರಾವಳಿಯ ಹೆದ್ದಾರಿ 66ರಲ್ಲಿ ಓಡಿಸಿ ನೋಡಿದಾಗ ಗಾಡಿ ನಿಜಕ್ಕೂ ಚುರುಕಾದ ಹಾಗೆ ಅನಿಸಿತು. ಎಲ್ಲರೂ ಮರುಳಾಗುವುದು ಇಲ್ಲೇ. ಮೊದಲು ಅರ್ಧ ರೇಸ್ ಕೊಟ್ಟಾಗ ಒಳಗೆ ಹೋಗುತ್ತಿದ್ದಷ್ಟು ಗಾಳಿ, ಈಗ ಅದಕ್ಕಿಂತ ಎಷ್ಟೋ ಕಮ್ಮಿ ತಿರುಗಿಸಿದಾಗಲೇ ಹೋಗುತ್ತದೆ. ಕೈಗೆ ಅದು ಪಿಕಪ್ ಅನಿಸುತ್ತದೆ. ರೇಸ್ ಪೂರ್ತಿ ತಿರುಗಿಸಿದರೆ ಗೊತ್ತಾಗುತ್ತದೆ, ನನ್ನ ಗಾಡಿಯ ಟಾಪ್ ಸ್ಪೀಡ್ ಎಲ್ಲಿತ್ತೋ ಅಲ್ಲೇ ಇತ್ತು. ಇನ್ನೂ ಒಂದು ವಿಷಯ ಇದೆ. ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 6-7ರಷ್ಟು ಕಮ್ಮಿ. ಹಾಗಾಗಿ ಮೇಲಿನಿಂದ ಇಳಿದು ಬಂದ ಯಾವ ಗಾಡಿಯಾದರೂ ಕೆಳಗೆ ಸ್ವಲ್ಪ ಚೆನ್ನಾಗೇ ಎಳೆಯುತ್ತದೆ, ಏನೂ ಹಾಕಿಸದಿದ್ದರೂ.

ಪವರ್ ಯಾಕೆ ಹೆಚ್ಚುವುದಿಲ್ಲ? 150 ಸಿಸಿ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತಿದೆ ಅಂತಿಟ್ಟುಕೊಳ್ಳಿ. ನಾಲ್ಕು ಸ್ಟ್ರೋಕಿನದ್ದಾದ್ದರಿಂದ ಎರಡು ಸುತ್ತಿಗೊಮ್ಮೆ ಮಾತ್ರ ಗಾಳಿ ಎಳೆಯುತ್ತದೆ, ಅಂದರೆ 5,000 ಸಲ. ಪ್ರತಿ ಸಲವೂ ಸಿಲಿಂಡರ್ ಪೂರ್ತಿ ತುಂಬಿತು ಅಂದರೂ ನಿಮಿಷಕ್ಕೆ 750 ಲೀಟರ್ ಗಾಳಿ. ಥ್ರಾಟಲ್ ಬಾಡಿ ದೊಡ್ಡದಾದರೆ ಸಿಲಿಂಡರ್ ದೊಡ್ಡದಾಗುವುದಿಲ್ಲ ಅಲ್ವಾ? ಏರ್ ಫಿಲ್ಟರ್, ಮ್ಯಾನಿಫೋಲ್ಡ್ (ಥ್ರಾಟಲ್ ಬಾಡಿಯಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ), ಪೋರ್ಟ್ (ವಾಲ್ವಿನ ಹತ್ತಿರದ ಗಾಳಿ ದಾರಿ), ವಾಲ್ವ್, ಅದನ್ನು ತೆರೆಯುವ ಕ್ಯಾಮ್, ಸೈಲೆನ್ಸರ್ ಎಲ್ಲ ಮೊದಲಿನವೇ. ತೋಟಕ್ಕೆ ನೀರು ಬಿಡುವ ಲೈನ್ ಪೂರ್ತಿ ಒಂದು ಇಂಚಿನದ್ದಿದ್ದು, ನಡುವೆ ಒಂದು ಗೇಟ್ ವಾಲ್ವ್ ಮಾತ್ರ ಎರಡು ಇಂಚಿನದ್ದು ಕೂರಿಸಿದರೆ ಸ್ಪ್ರಿಂಕ್ಲರಿನಲ್ಲಿ ನೀರು ಹೆಚ್ಚು ಬರುವುದಿಲ್ಲ. ಇದೂ ಅಷ್ಟೇ.

ತೊಂದರೆ ಶುರುವಾಗಿದ್ದು ದೇವಿಮನೆ ಘಟ್ಟದಲ್ಲಿ. ಆಯಿಯನ್ನು ಕುಮಟಾದಲ್ಲಿ ಡಾಕ್ಟರಿಗೆ ತೋರಿಸಿ ವಾಪಸ್ ಬರುತ್ತಿದ್ದೆ. ಕತಗಾಲ ದಾಟಿ ಘಟ್ಟ ಹತ್ತುವಾಗ ಮಳೆ ಹಿಡಿಯಿತು. ಒಂದು ಹೇರ್‌ಪಿನ್ ತಿರುವಿನಲ್ಲಿ ಎದುರಿಂದ ಬಸ್ಸು ಇಳಿಯುತ್ತಿತ್ತು. ಕ್ಲಚ್ ಹಿಡಿದು ರೇಸ್ ಬಿಟ್ಟೆ. ಅಷ್ಟಕ್ಕೇ ಎಂಜಿನ್ ಬಂದ್ ಬಿತ್ತು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರತೊಡಗಿತು. ಬ್ರೇಕ್ ಹಿಡಿದು ನಿಲ್ಲಿಸಿ, ಸೆಲ್ಫ್ ಹೊಡೆದು, ಮೆತ್ತಗೆ ರೇಸ್ ಕೊಟ್ಟರೆ ಮೆತ್ತಗೆ ಹೋಗುವುದೇ ಇಲ್ಲ. ಒಂದೋ ಏನೂ ಇಲ್ಲ, ಇಲ್ಲ ಅಂದರೆ ಒಮ್ಮೆಲೇ ಎಳೆತ. ಒದ್ದೆ ಡಾಂಬರಿನ ಮೇಲೆ ಹಿಂದಿನ ಟೈರು ತಿರುಗಿ ಗಾಡಿ ಅಡ್ಡ ಹೊರಳಿತು. ಆಯಿ ನನ್ನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡಳು. ನನ್ನ ಕಾಲು ನೆಲಕ್ಕೆ ಸಿಕ್ಕಿದ್ದರಿಂದ ಬೀಳಲಿಲ್ಲ. ಮೇಲೆ ರಾಗಿಹೊಸಳ್ಳಿ ಬರುವವರೆಗೂ ಆಯಿ ಒಂದು ಮಾತೂ ಆಡಲಿಲ್ಲ.

ಶಿರಸಿಯಲ್ಲಿ ನಾನು ಯಾವಾಗಲೂ ಹೋಗುವ ಗ್ಯಾರೇಜಿನ ಅಣ್ಣ ಮರುದಿನ ಅದನ್ನು ಬಿಚ್ಚಿದರು. "ಇಲ್ಲಿ ಉಗುರು ಹಾಕಿ ನೋಡು ತಮಾ" ಅಂದರು. ಥ್ರಾಟಲ್ ಬಾಡಿಯ ಬಾಯಿ 34, ಅದರ ಮುಂದಿನ ಮ್ಯಾನಿಫೋಲ್ಡ್ ಹಳೆಯದೇ, 28. ಸುತ್ತಲೂ 3 ಎಂಎಂ ಮೆಟ್ಟಿಲು. ಉಗುರು ಅಲ್ಲಿ ಸರಿಯಾಗಿ ತಡೆದು ನಿಲ್ಲುತ್ತಿತ್ತು. ಒಳಗೆ ಬರುವ ಗಾಳಿ ಆ ಅಂಚಿಗೆ ಡಿಕ್ಕಿ ಹೊಡೆದು ಸುಳಿ ತಿರುಗುತ್ತದೆ. ದೊಡ್ಡದು ಮಾಡಿದ್ದರ ಲಾಭ ಏನಾದರೂ ಇದ್ದಿದ್ದರೂ ಅಲ್ಲಿಗೇ ಮುಗಿಯಿತು. ಐಡಲ್, ಅಂದರೆ ರೇಸ್ ಬಿಟ್ಟಾಗಲೂ ಎಂಜಿನ್ ಮೆಲ್ಲಗೆ ತಿರುಗುತ್ತಿರುವುದನ್ನು, ಹಿಡಿದಿಡುವ ಹೊಂದಾಣಿಕೆಯೂ ಹೊಸ ಬಾಡಿಯಲ್ಲಿ ಸರಿ ಇರಲಿಲ್ಲ. ಸ್ಟಾಪ್ ಸ್ಕ್ರೂ ಒಂದಿಷ್ಟು ಬಿಗಿ ಮಾಡಿ ಅಂಗಡಿಯವರು ಕೈ ತೊಳೆದುಕೊಂಡಿದ್ದರು.

ಆಮೇಲೆ ಪ್ಲಗ್ ತೆಗೆದು ತೋರಿಸಿದರು. ಅದರ ಪಿಂಗಾಣಿ ಭಾಗ ತಿಳಿ ಕಂದು ಬಣ್ಣ ಇರಬೇಕು. ನನ್ನದು ಬೆಳ್ಳಗೆ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಎಂಜಿನ್ ಲೀನ್ ಓಡುತ್ತಿದೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಸಿಗುತ್ತಿಲ್ಲ ಅನ್ನುವುದಕ್ಕೆ ಅದೇ ಗುರುತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಜವಾದ ಅಪಾಯ ಇಲ್ಲೇ ಇದೆ. ಬಹಳಷ್ಟು ಸಣ್ಣ ಬೈಕುಗಳಲ್ಲಿ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವುದಿಲ್ಲ. ಪೆಟ್ರೋಲ್ ಎಷ್ಟು ಬೀಳಬೇಕು ಅಂತ ತೀರ್ಮಾನಿಸುವುದು ಇಸಿಯು, ಅಂದರೆ ಗಾಡಿಯ ಕಂಪ್ಯೂಟರ್. ರೇಸ್ ಜಾಸ್ತಿ ಕೊಟ್ಟಾಗ ಅದು ನೋಡುವುದು ಎರಡನ್ನು: ಚಿಟ್ಟೆ ವಾಲ್ವ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ. ಅದರ ತಲೆಯಲ್ಲಿರುವ ಲೆಕ್ಕ 28 ಎಂಎಂನದ್ದು. ರೇಸ್ ಪೂರ್ತಿ ಇಲ್ಲದಾಗ 34ರಲ್ಲಿ ಅಷ್ಟೇ ತೆರೆದರೆ ಗಾಳಿ ಜಾಸ್ತಿ ಹೋಗುತ್ತದೆ, ಪೆಟ್ರೋಲ್ ಮಾತ್ರ ಹಳೆಯ ಲೆಕ್ಕದಲ್ಲೇ ಬೀಳುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಸಮಾಧಾನವಾಗಿ ಓಡಿಸುವಾಗ ಒಂದು ಮಿತಿಯೊಳಗೆ ಸರಿಮಾಡುತ್ತದೆ. ರೇಸ್ ಜಾಸ್ತಿ ಕೊಟ್ಟು ಭಾರ ಎಳೆಯುವಾಗ ಇಸಿಯು ಸಾಮಾನ್ಯವಾಗಿ ಅದರ ಮಾತು ಕೇಳುವುದಿಲ್ಲ. ಘಟ್ಟದ ಏರಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ಹೀಗೆ ಎಳೆದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ನಾಕ್ ಹೊಡೆಯುತ್ತದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ತಪ್ಪಾಗಿ ಸಿಡಿದು ಟಕಟಕ ಸದ್ದು ಬರುತ್ತದೆ. ಹಾಗೇ ಓಡಿಸುತ್ತಾ ಹೋದರೆ ವಾಲ್ವ್ ಸುಡಬಹುದು, ಪಿಸ್ಟನ್ನೇ ಹೋಗಬಹುದು.

ಹಾಗಾದರೆ ದೊಡ್ಡ ಥ್ರಾಟಲ್ ಬಾಡಿ ಯಾರಿಗೂ ಬೇಡವೇ? ಬೇಕಾದವರು ಇದ್ದಾರೆ. ಬೋರ್ ದೊಡ್ಡದು ಮಾಡಿಸಿ, ಕ್ಯಾಮ್ ಬದಲಿಸಿ, ಪೋರ್ಟ್ ಕೆಲಸ ಮಾಡಿಸಿ, ರೇಸಿಗೆ ಅಂತಲೇ ಎಂಜಿನ್ ಕಟ್ಟುವವರಿಗೆ ಹಳೆಯ ಬಾಡಿ ಸಾಕಾಗದೆ ಹೋಗಬಹುದು. ಅವರು ಮ್ಯಾನಿಫೋಲ್ಡನ್ನೂ ಅದಕ್ಕೆ ಹೊಂದಿಸುತ್ತಾರೆ, ಇಸಿಯುಗೆ ಪೆಟ್ರೋಲಿನ ಹೊಸ ಲೆಕ್ಕ, ಅಂದರೆ ಮ್ಯಾಪ್ ಹಾಕಿಸುತ್ತಾರೆ, ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಅಳೆದು ನೋಡುತ್ತಾರೆ. ದಿನಾ ಆಫೀಸಿಗೆ, ಪೇಟೆಗೆ, ತೋಟಕ್ಕೆ ಓಡುವ ಗಾಡಿಗೆ ಇದ್ಯಾವುದೂ ಬೇಕಿಲ್ಲ. ಗಾಡಿ ಮಂಕಾಗಿದೆ ಅನಿಸಿದರೆ ಮೊದಲು ಏರ್ ಫಿಲ್ಟರ್ ನೋಡಿ. ಇದ್ದ ಥ್ರಾಟಲ್ ಬಾಡಿಯನ್ನೇ ಕ್ಲೀನರ್ ಹಾಕಿ ಒರೆಸಿಸಿ, ಚಿಟ್ಟೆಯ ಅಂಚಿಗೆ ಕಪ್ಪು ಮಸಿ ಕೂತಿರುತ್ತದೆ. ಪ್ಲಗ್, ವಾಲ್ವ್ ಕ್ಲಿಯರೆನ್ಸ್, ಚೈನು ನೋಡಿಸಿ. ಮಳೆಗಾಲ ಕಳೆದ ಮೇಲೆ ನಮ್ಮ ಕಡೆಯ ಎಷ್ಟೋ ಗಾಡಿಗಳಿಗೆ ಇಷ್ಟೇ ಸಾಕು.

ಕಾರಿನವರೂ ಇದೇ ವಿಷಯ ಕೇಳುತ್ತಾರೆ. ಪೆಟ್ರೋಲ್ ಕಾರಿನಲ್ಲಿ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಇದ್ದರೆ, ಟರ್ಬೊ ಇಲ್ಲದಿದ್ದರೆ, ಒಂದು ರೂಪಾಯಿಯ ಸಾಮಾನು ಕೊಳ್ಳುವ ಮೊದಲೇ ಉತ್ತರ ಸಿಗುತ್ತದೆ. ಓಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರುಗಳ ಅಳತೆ ತೋರಿಸುವ ಸಾಧನ) ಸಿಕ್ಕಿಸಿ, ಎಂಜಿನ್ ಶುರು ಮಾಡದೆ ಕೀ ಆನ್ ಮಾಡಿ. ಮ್ಯಾನಿಫೋಲ್ಡ್ ಒತ್ತಡ ಕಾರವಾರದಲ್ಲಿ 101 ಕಿಲೋಪಾಸ್ಕಲ್ ಹತ್ತಿರ, ಶಿರಸಿಯಲ್ಲಿ 94ರ ಹತ್ತಿರ ತೋರಿಸಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿ ಆರ್‌ಪಿಎಂ ಮೇಲೇರಿದಾಗ ಎಷ್ಟಿದೆ ಅಂತ ಪಕ್ಕದಲ್ಲಿ ಕೂತವರು ನೋಡಲಿ. ಒಂದೆರಡು ಕಿಲೋಪಾಸ್ಕಲ್ ಮಾತ್ರ ಇಳಿದಿದ್ದರೆ ನಿಮ್ಮ ಥ್ರಾಟಲ್ ಬಾಡಿ ಗಾಳಿಯನ್ನು ತಡೆಯುತ್ತಿಲ್ಲ. ತಡೆಯದೇ ಇರುವುದನ್ನು ದೊಡ್ಡದು ಮಾಡಿ ಏನು ಪ್ರಯೋಜನ?

ಇನ್ನು, ಆಗಲೇ ದುಡ್ಡು ಕೊಟ್ಟು ಮಾತು ಮುಗಿಸಿದವರಿದ್ದರೆ ಒಂದು ವಿನಂತಿ. ಹಳೆಯ ಬಾಡಿಯನ್ನು ಮಾತ್ರ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನನ್ನದನ್ನು ಎಕ್ಸ್‌ಚೇಂಜ್ ಅಂತ ಚಿಲ್ಲರೆ ರೇಟಿಗೆ ಅವರೇ ಇಟ್ಟುಕೊಂಡರು. ವಾಪಸ್ ಕೇಳಿದಾಗ "ಅದು ಹೋಯ್ತು" ಅಂದರು. ಕಂಪನಿಯಲ್ಲಿ ಅದನ್ನು ಸೆನ್ಸರ್ ಸಮೇತ ಇಡೀ ಸೆಟ್ಟಾಗಿಯೇ ಕೊಡುತ್ತಾರೆ, ದೊಡ್ಡ ಥ್ರಾಟಲ್ ಬಾಡಿಗೆ ಕೊಟ್ಟ ದುಡ್ಡಿಗಿಂತ ಅದೇ ದುಬಾರಿ. ಕೊನೆಗೆ ಆಕ್ಸಿಡೆಂಟ್ ಆಗಿ ಗುಜರಿಗೆ ಬಂದಿದ್ದ ಅದೇ ಮಾಡೆಲ್ಲಿನ ಗಾಡಿಯಿಂದ ಗ್ಯಾರೇಜಿನ ಅಣ್ಣ ಒಂದನ್ನು ಹುಡುಕಿ ತಂದು, ತೊಳೆದು, ಸೆನ್ಸರ್ ರೀಸೆಟ್ ಮಾಡಿ ಕೂರಿಸಿದರು. ಈಗ ಐಡಲ್ ಸರಿಯಾಗಿ ನಿಲ್ಲುತ್ತದೆ, ಟಾಪ್ ಸ್ಪೀಡ್ ಅಷ್ಟೇ ಇದೆ, ಹೇರ್‌ಪಿನ್ನಿನಲ್ಲಿ ಗಾಡಿ ಬಂದ್ ಬೀಳುವುದಿಲ್ಲ. ನಿಮ್ಮ ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ, ತೇವ ಇಲ್ಲದ ಜಾಗದಲ್ಲಿ ಇಡಿ. ಅದರ ಸ್ಕ್ರೂ, ಗ್ಯಾಸ್ಕೆಟ್, ಕೇಬಲ್ ಕ್ಲಿಪ್ಪುಗಳನ್ನೂ ಅದೇ ಗಂಟಿನಲ್ಲಿ ಹಾಕಿಡಿ.