ಸಂಪಾಜೆ ಘಾಟಿಗೆ ಯಾವ ಬ್ರೇಕ್ ಸಾಕು? ಕೇಮನ್‌ಗೆ ಹಾಕಿ, ಓಡಿಸಿ ನೋಡಿದ ಹೋಲಿಕೆ

ಸ್ಪೋರ್ಟ್ಸ್ ಕಾರು ಕೊಂಡವರಿಗೆ ದೊಡ್ಡ ಬ್ರೇಕ್ ಹಾಕಿಸುವ ಆಸೆ ಬಂದೇ ಬರುತ್ತದೆ. ಬಯಲುಸೀಮೆಯಲ್ಲಿ ಇದ್ದರೆ ಅದು ಬರೀ ಆಸೆ. ನಮ್ಮ ಕೊಡಗಿನಲ್ಲಿ ಅದಕ್ಕೆ ಕಾರಣವೂ ಇದೆ. ಇಲ್ಲಿ ಪಶ್ಚಿಮಕ್ಕೆ ಹೊರಟರೆ ಘಾಟಿ ಇಳಿಯಲೇಬೇಕು. ಅದರ ಮೇಲೆ ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಮಂಜು, ರಸ್ತೆ ಮೇಲೆ ಎಲೆ, ಕೆಮ್ಮಣ್ಣು.

ನನ್ನದು ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್. 987 ಮಾದರಿ, 2.9 ಲೀಟರ್ ಎಂಜಿನ್, 265 ಎಚ್‌ಪಿ. ಮುಂದೆ 298 ಮಿ.ಮೀ. ಡಿಸ್ಕ್, ಹಿಂದೆ 299. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ; ಎರಡೂ ಬದಿಯಿಂದ ಪ್ಯಾಡ್ ಒತ್ತಿ ಅದನ್ನು ಹಿಡಿಯುವುದು ಕ್ಯಾಲಿಪರ್. ನಾಲ್ಕೂ ಚಕ್ರದಲ್ಲಿ ನಾಲ್ಕು ಪಿಸ್ಟನ್ ಕ್ಯಾಲಿಪರ್. ಎಂಜಿನ್ ಸೀಟಿನ ಹಿಂದೆ ಇರುವುದರಿಂದ ಹಿಂದಿನ ಬ್ರೇಕ್ ಕೂಡ ಚೆನ್ನಾಗಿಯೇ ದುಡಿಯುತ್ತದೆ. ರೇಸ್ ಟ್ರ್ಯಾಕ್ ಮುಖ ಈ ಕಾರು ನೋಡಿಲ್ಲ. ಓಡಾಟವೆಲ್ಲ ಮಡಿಕೇರಿ–ಸಂಪಾಜೆ, ವಿರಾಜಪೇಟೆ–ಮಾಕುಟ್ಟ, ಆಮೇಲೆ ಗೋಣಿಕೊಪ್ಪದಿಂದ ತಿತಿಮತಿ ಮೇಲೆ ಹುಣಸೂರು ಕಡೆ. ಕೆಲವು ಮಳೆಗಾಲಗಳ ಅವಧಿಯಲ್ಲಿ ಇದೇ ರಸ್ತೆಗಳಲ್ಲಿ ಬೇರೆ ಬೇರೆ ಬ್ರೇಕ್ ಸಾಮಾನು ಹಾಕಿ ನೋಡಿದ್ದೇನೆ. ಒಂದೊಂದೂ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಸುಮ್ನೆ ದುಡ್ಡು ಅನ್ನುವುದು ಈಗ ಸ್ಪಷ್ಟವಾಗಿದೆ.

ಮೊದಲು ಘಾಟಿಯ ಲೆಕ್ಕ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆ ಮುಟ್ಟುವಾಗ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿದಿರುತ್ತೇವೆ. ಆ ಸಾವಿರ ಮೀಟರ್ ಎತ್ತರದ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕಲ್ವಾ? ಲೆಕ್ಕ ಹಾಕಿದರೆ ಅದು 100 ಕಿ.ಮೀ. ವೇಗದಿಂದ ಸೊನ್ನೆಗೆ ಸುಮಾರು 25 ಸಲ ನಿಲ್ಲಿಸಿದ್ದಕ್ಕೆ ಸಮ. ಕಾರಿನ ತೂಕ ಎಷ್ಟೇ ಇರಲಿ, ಈ 25 ಬದಲಾಗುವುದಿಲ್ಲ. ಆಲ್ಟೋಗೂ ಅಷ್ಟೇ, ಕೇಮನ್‌ಗೂ ಅಷ್ಟೇ. ಇದರಲ್ಲಿ ಒಂದು ಪಾಲು ಗಾಳಿ ಮತ್ತು ಟೈರ್ ತಿನ್ನುತ್ತವೆ. ಎರಡನೇ, ಮೂರನೇ ಗೇರ್‌ನಲ್ಲಿ ಇಳಿದರೆ ಎಂಜಿನ್ ಇನ್ನೊಂದು ದೊಡ್ಡ ಪಾಲು ತಿನ್ನುತ್ತದೆ. ಉಳಿದದ್ದೆಲ್ಲ ಡಿಸ್ಕ್‌ನಲ್ಲಿ ಬಿಸಿಯಾಗಿ ಸೇರುತ್ತದೆ. ಸ್ಪೋರ್ಟ್ಸ್ ಕಾರು ಓಡಿಸುವವರು ಪ್ರತಿ ತಿರುವಿನ ನಡುವೆಯೂ ಮತ್ತೆ ವೇಗ ಹಿಡಿಯುತ್ತಾರೆ. ಅಂದರೆ 25ರ ಮೇಲೆ ನಾವೇ ಇನ್ನಷ್ಟು ಸೇರಿಸುತ್ತೇವೆ.

ಹಾಗಾಗಿ ನಮ್ಮಲ್ಲಿ ಬ್ರೇಕ್ ಕೈಕೊಡುವುದು ಬಿಸಿಯಿಂದ. ಅದು ಎರಡು ರೀತಿ. ಪೆಡಲ್ ಗಟ್ಟಿಯಾಗಿಯೇ ಇದೆ, ಬಲವಾಗಿ ತುಳಿದರೂ ಕಾರು ನಿಧಾನವಾಗುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡ್ ಸೋತಿದೆ. ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತಿದೆ, ಎರಡು ಮೂರು ಸಲ ಪಂಪ್ ಮಾಡಿದರೆ ಹಿಡಿಯುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿದಿದೆ. ನಿಮ್ಮ ಕಾರಿನಲ್ಲಿ ಇವೆರಡರಲ್ಲಿ ಯಾವುದು ಅಂತ ಗೊತ್ತಿಲ್ಲದೆ ಯಾವ ಸಾಮಾನನ್ನೂ ಕೊಳ್ಳಬೇಡಿ. ಗ್ಯಾರೇಜ್‌ಗಳಲ್ಲಿ ಎರಡಕ್ಕೂ ಒಂದೇ ಮಾತು: "ಬ್ರೇಕ್ ವೀಕ್ ಇದೆ ಸಾರ್, ದೊಡ್ಡದು ಹಾಕೋಣ."

ನನ್ನ ಕಾರಿನಲ್ಲಿ ಇದ್ದದ್ದು ಎರಡನೆಯದು. ಹಿಂದಿನ ಮಾಲೀಕರ ಕಾಲದ ಆಯಿಲ್ ಹಾಗೇ ಇತ್ತು. ಜೋಡುಪಾಲದ ಹತ್ತಿರ ಪೆಡಲ್ ಮೆತ್ತಗಾಗಲು ಶುರುವಾಗುತ್ತಿತ್ತು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ ಅನ್ನುವುದು ಈ ಆಯಿಲ್‌ನ ದರ್ಜೆ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇದೇ ಅಂಕಿಗಳು 260 ಮತ್ತು 180. ಕಕ್ಕಡದ, ಅಂದರೆ ಜುಲೈ–ಆಗಸ್ಟ್‌ನ, ಮಳೆಯಲ್ಲಿ ಅಲಮಾರಿನಲ್ಲಿಟ್ಟ ಬಟ್ಟೆಗೇ ಬೂಸ್ಟು ಬರುವ ಊರು ನಮ್ಮದು. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಪುಸ್ತಕದಲ್ಲಿ ಬರೆದಿರಬಹುದು. ಘಾಟಿಯಲ್ಲಿ ಜೋರಾಗಿ ಓಡಿಸುವವರು ಇಲ್ಲಿ ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನುವುದು ನನ್ನ ಪಟ್ಟು.

ಒಳ್ಳೆ ಡಾಟ್ 4 ಹಾಕಿಸಿ, ನಾಲ್ಕೂ ಚಕ್ರದಲ್ಲಿ ಪೂರ್ತಿ ಬ್ಲೀಡ್ ಮಾಡಿಸಿ (ಹಳೇ ಆಯಿಲ್, ಗಾಳಿ ಹೊರಗೆ ತೆಗೆಸಿ), ಪ್ಯಾಡ್ ಡಿಸ್ಕ್ ಯಾವುದನ್ನೂ ಮುಟ್ಟದೆ ಅದೇ ಘಾಟಿ ಇಳಿದೆ. ಸಂಪಾಜೆ ತನಕ ಪೆಡಲ್ ಒಂದೇ ಸಮ ಇತ್ತು. ಕೆಲವೇ ಸಾವಿರ ರೂಪಾಯಿಯ ಕೆಲಸ. ಈ ಹೋಲಿಕೆಯಲ್ಲಿ ಕೊಟ್ಟ ದುಡ್ಡಿಗೆ ಇದರಷ್ಟು ಫಲ ಬೇರೆ ಯಾವುದೂ ಕೊಡಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೋಟುಲ್ ಆರ್‌ಬಿಎಫ್ 600 ಕೂಡ ಹಾಕಿ ನೋಡಿದೆ. ಹೊಸದಾಗಿದ್ದಾಗ ಅದರ ಕುದಿಬಿಂದು 312 ಡಿಗ್ರಿ. ನಿಜ ಹೇಳಬೇಕೆಂದರೆ ರಸ್ತೆಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ರೇಸ್ ಆಯಿಲ್ ಬೇಗ ಬೇಗ ಬದಲಿಸಬೇಕು ಬೇರೆ. ಮನೆ ಕಾರಿಗೆ ಹೊಸ ಡಾಟ್ 4 ಅಥವಾ 5.1 ಧಾರಾಳ ಸಾಕು. ಡಾಟ್ 5 ಅನ್ನುವುದು ಬೇರೆಯೇ ಜಾತಿ. ಅದು ಸಿಲಿಕೋನ್ ಆಯಿಲ್. ಹೆಸರು ಹತ್ತಿರ ಇದೆ ಅಂತ 5.1ರ ಬದಲು ಅದನ್ನು ಸುರಿಯಬಾರದು.

ಆಯಿಲ್ ಸರಿಯಾದ ಮೇಲೆ ಪ್ಯಾಡ್ ಕಡೆ ತಿರುಗಿದೆ. ಕಂಪನಿ ಪ್ಯಾಡ್, ರಸ್ತೆಗೇ ಅಂತ ಮಾಡಿದ ಗಡಸು ಪ್ಯಾಡ್, ಟ್ರ್ಯಾಕ್ ಪ್ಯಾಡ್, ಹೀಗೆ ಮೂರು ಬಗೆ.

ಟ್ರ್ಯಾಕ್ ಪ್ಯಾಡ್ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ತುಂಬ ಜನ ಅದನ್ನೇ ಕೇಳುತ್ತಾರೆ. ಸಂಪಾಜೆಯ ಕೆಳ ಅರ್ಧದಲ್ಲಿ ಅದು ಅದ್ಭುತ. ಬಿಸಿಯಾದಷ್ಟೂ ಚೆನ್ನಾಗಿ ಕಚ್ಚುತ್ತದೆ. ಆದರೆ ಬೆಳಗ್ಗೆ ಆರೂವರೆಗೆ, ಮಂಜಿನಲ್ಲಿ, ತಣ್ಣಗಿರುವ ಕಾರನ್ನು ತೋಟದ ಗೇಟಿನಿಂದ ಹೊರಗೆ ತಂದು ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಅದು ಬೇಕಾದಷ್ಟು ಹಿಡಿಯುವುದಿಲ್ಲ. ನಮ್ಮ ರಸ್ತೆಯಲ್ಲಿ ನಿಜವಾದ ಅಪಾಯ ಇರುವುದೇ ಅಲ್ಲಿ. ತಿತಿಮತಿ ಕಡೆಯ ಕಾಡು ರಸ್ತೆ ನೆನಪು ಮಾಡಿಕೊಳ್ಳಿ. ಹತ್ತು ನಿಮಿಷ ನೇರ ರಸ್ತೆಯಲ್ಲಿ ಬಂದಿರುತ್ತೀರಿ, ಬ್ರೇಕ್ ಮುಟ್ಟಿಯೇ ಇರುವುದಿಲ್ಲ. ಲಂಟಾನ ಪೊದೆಯ ಹಿಂದಿನಿಂದ ಆನೆ ರಸ್ತೆಗೆ ಇಳಿಯುತ್ತದೆ. ಆಗ ಬೇಕಾಗುವುದು ತಣ್ಣನೆ ಬ್ರೇಕ್‌ನಲ್ಲಿ ಒಂದೇ ಒಂದು ಗಟ್ಟಿ ಹಿಡಿತ. ಅದು ಕೊಡದ ಪ್ಯಾಡ್ ರಸ್ತೆ ಕಾರಿಗೆ ಬೇಡ. ಕಿರ್ ಅನ್ನುವ ಸದ್ದು, ಚಕ್ರದ ಮೇಲೆ ಕೂರುವ ಕಪ್ಪು ಪುಡಿ, ಬೇಗ ಸವೆಯುವ ಡಿಸ್ಕ್, ಇವೆಲ್ಲ ಆಮೇಲಿನ ಮಾತು.

ಕಂಪನಿ ಪ್ಯಾಡ್ ತಣ್ಣಗಿದ್ದಾಗ ಮೂರರಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು. ಮೊದಲ ಸ್ಪರ್ಶಕ್ಕೇ ಹಿಡಿಯುತ್ತದೆ, ಸದ್ದಿಲ್ಲ. ಜೋರಾಗಿ ಇಳಿದರೆ ಕೊಯನಾಡು ಹೊತ್ತಿಗೆ ಸ್ವಲ್ಪ ಜಾಸ್ತಿ ತುಳಿಯಬೇಕಾಗುತ್ತಿತ್ತು, ವಾಸನೆಯೂ ಬರುತ್ತಿತ್ತು. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗುವ ವೇಗದಲ್ಲಿ ಅದೂ ಇಲ್ಲ.

ನಡುವಿನ ಪ್ಯಾಡ್‌ಗೆ ಫೆರೋಡೊ ಡಿಎಸ್ 2500 ಆರಿಸಿಕೊಂಡೆ. ರಸ್ತೆ ಮತ್ತು ಆಗಾಗ ಟ್ರ್ಯಾಕ್ ಎರಡಕ್ಕೂ ಅಂತ ಮಾಡಿದ್ದು. ತಣ್ಣಗಿದ್ದಾಗ ಕಂಪನಿ ಪ್ಯಾಡ್‌ಗಿಂತ ಕೂದಲೆಳೆಯಷ್ಟು ಕಡಿಮೆ. ಒಂದೆರಡು ಸಲ ಒತ್ತಿದ ಮೇಲೆ ಅದನ್ನು ಮೀರಿಸುತ್ತದೆ. ಸಂಪಾಜೆ ಚೆಕ್‌ಪೋಸ್ಟ್ ತನಕ ಕಾಲಿಗೆ ಒಂದೇ ಭಾರ. ಮಾಕುಟ್ಟ ಇಳಿಜಾರಿನಲ್ಲೂ ಇದೇ ಅನುಭವ. ಈಗ ಕಾರಿನಲ್ಲಿ ಇರುವುದು ಇದೇ. ಹೊಸ ಪ್ಯಾಡ್ ಹಾಕಿಸಿದಾಗ ಅದನ್ನು ಡಿಸ್ಕ್‌ಗೆ ಪಳಗಿಸಬೇಕು. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಖಾಲಿ ರಸ್ತೆ ಸಿಕ್ಕಾಗ, ಹಿಂದೆ ಯಾರೂ ಇಲ್ಲದಿರುವುದು ನೋಡಿಕೊಂಡು, 80ರಿಂದ 10ರ ತನಕ ಮತ್ತೆ ಮತ್ತೆ ಇಳಿಸಬೇಕು. ಪೂರ್ತಿ ನಿಲ್ಲಿಸಬಾರದು. ಆಮೇಲೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣಿಸಬೇಕು. ಇದನ್ನು ಮಾಡದೆ ಪ್ಯಾಡ್ ಚೆನ್ನಾಗಿಲ್ಲ ಅನ್ನುವವರು ಬಹಳ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಘಾಟಿ ಇಳಿದ ತಕ್ಷಣ ಕಾಫಿಗೆ ಅಂತ ಗಕ್ಕನೆ ನಿಲ್ಲಿಸಬೇಡಿ. ಓಡುವಾಗ ಗಾಳಿಗೆ ತಣಿಯುತ್ತಿದ್ದ ಡಿಸ್ಕ್, ನಿಂತ ಮೇಲೆ ತನ್ನ ಬಿಸಿಯನ್ನೆಲ್ಲ ಕ್ಯಾಲಿಪರ್‌ಗೆ ದಾಟಿಸುತ್ತದೆ. ಕಾಫಿ ಕುಡಿದು ಬಂದು ಮತ್ತೆ ಹೊರಟಾಗ ಪೆಡಲ್ ಮೆತ್ತಗಾಗಿರುವುದು ಇದರಿಂದಲೇ. ಚೆಕ್‌ಪೋಸ್ಟ್ ಸಾಲಿನಲ್ಲಿ ಬಿಸಿಯಾದ ಬ್ರೇಕ್ ಒತ್ತಿಕೊಂಡೇ ನಿಂತರೆ ಪ್ಯಾಡಿನ ಪದರ ಡಿಸ್ಕ್‌ಗೆ ಒಂದೇ ಕಡೆ ಅಂಟುತ್ತದೆ. ಆಮೇಲೆ ಸ್ಟೀರಿಂಗ್ ನಡುಗುತ್ತದೆ, ಡಿಸ್ಕ್ ಬೆಂಡಾಗಿದೆ ಅಂತ ಹೇಳುತ್ತಾರೆ. ಎಷ್ಟೋ ಸಲ ಡಿಸ್ಕ್ ಬೆಂಡಾಗಿರುವುದೇ ಇಲ್ಲ. ಕೊನೆಯ ಎರಡು ಮೂರು ಕಿಲೋಮೀಟರ್ ಗೇರ್‌ನಲ್ಲೇ ಹಗುರವಾಗಿ ಬನ್ನಿ, ಸಾಕು.

ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್ ಕೂಡ ಹಾಕಿಸಿದೆ. ಪೆಡಲ್ ಗಟ್ಟಿಯಾಯಿತು, ಹದವಾಗಿ ಒತ್ತುವುದು ಸುಲಭವಾಯಿತು. ಕಾರು ನಿಲ್ಲುವ ದೂರ ಬದಲಾಗಲಿಲ್ಲ. ಹಳೇ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಹಾಕಿಸಿ, ಇಲ್ಲದಿದ್ದರೆ ಅವಸರ ಇಲ್ಲ.

ಗೀರು ಹಾಕಿದ ಡಿಸ್ಕ್ ನೋಡಲು ಚೆಂದ. ಜಡಿಮಳೆಯಲ್ಲಿ ಮೊದಲ ಒತ್ತಿಗೆ ನೀರಿನ ಪದರ ಬೇಗ ಬಿಟ್ಟುಕೊಡುತ್ತದೆ, ಅದು ಕಾಲಿಗೆ ತಿಳಿಯುತ್ತದೆ. ಅದೊಂದೇ ಲಾಭ. ಮೆಲ್ಲನೆ ಗುಂಯ್ ಅನ್ನುವ ಸದ್ದು ಬರುತ್ತದೆ, ಪ್ಯಾಡ್ ಬೇಗ ಸವೆಯುತ್ತದೆ. ಮಳೆಯಲ್ಲಿ ಆಗಾಗ ಬ್ರೇಕನ್ನು ಹಗುರವಾಗಿ ಮುಟ್ಟಿ ಡಿಸ್ಕ್ ಒರೆಸಿಕೊಳ್ಳುವ ಅಭ್ಯಾಸ ಇದ್ದರೆ ಸಾದಾ ಡಿಸ್ಕ್‌ನಲ್ಲೂ ಅದೇ ಫಲ ಸಿಗುತ್ತದೆ. ತೂತು ಕೊರೆದ ಅಗ್ಗದ ಡಿಸ್ಕ್ ಹತ್ತಿರ ಹೋಗಲೇಬೇಡಿ, ಬಿಸಿ ತಿಂದು ತಿಂದು ತೂತಿನ ಅಂಚಿನಿಂದ ಬಿರುಕು ಬಿಡುತ್ತವೆ. ಹಳದಿ ಕ್ಯಾಲಿಪರ್‌ನ ಸೆರಾಮಿಕ್ ಬ್ರೇಕ್ ಬಗ್ಗೆಯೂ ಕೇಳುತ್ತಾರೆ. ಕಬ್ಬಿಣದ ಡಿಸ್ಕ್‌ನ ಸುಮಾರು ಅರ್ಧ ತೂಕ, ಬಿಸಿಗೆ ಜಗ್ಗುವುದಿಲ್ಲ. ಆದರೆ ಜಲ್ಲಿಕಲ್ಲು ಹಾರುವ ತೋಟದ ರಸ್ತೆಯಲ್ಲಿ ಅಂಚು ಚಕ್ಕೆ ಎದ್ದರೆ ಒಂದು ಡಿಸ್ಕ್‌ನ ಬೆಲೆಗೆ ಎದೆ ಒಡೆಯುತ್ತದೆ.

ಕೊನೆಗೆ ದೊಡ್ಡ ಬ್ರೇಕ್ ಕಿಟ್. ಗೋಣಿಕೊಪ್ಪದ ಗೆಳೆಯನೊಬ್ಬ ತನ್ನ ಕೇಮನ್‌ಗೆ ಮುಂದೆ ಆರು ಪಿಸ್ಟನ್ ಕಿಟ್ ಹಾಕಿಸಿದ್ದಾನೆ. ಬ್ರೇಕ್‌ಗೇ ಲಕ್ಷಗಳು ಹೋದವು. ಡಿಸ್ಕ್ ಹಳೇ 17 ಇಂಚಿನ ಚಕ್ರದೊಳಗೆ ಹಿಡಿಸದೆ 19 ಇಂಚಿನ ಚಕ್ರ, ಟೈರ್ ಕೊಂಡ. ಒಣ ರಸ್ತೆಯ ಒಂದು ದಿನ ಕಾರು ಅದಲುಬದಲು ಮಾಡಿಕೊಂಡು ಘಾಟಿ ಇಳಿದೆವು. ಅವನ ಬ್ರೇಕ್ ಕಾಲಿಗೆ ಬಹಳ ಭರವಸೆ ಕೊಡುತ್ತದೆ, ಸುಳ್ಳು ಹೇಳಲಾರೆ. ಕೆಳಗೆ ಬಂದಾಗ ನನ್ನ ಡಿಸ್ಕ್‌ನಿಂದ ಬರುವಷ್ಟು ಝಳ ಅವನದರಿಂದ ಬರುತ್ತಿರಲಿಲ್ಲ. ಅಷ್ಟಾದರೂ ಇಡೀ ಇಳಿಜಾರಿನಲ್ಲಿ ಅವನ ಬ್ರೇಕ್ ಮಾಡಿದ್ದನ್ನು ಮಾಡಲಾಗದೆ ನನ್ನ ಬ್ರೇಕ್ ಹಿಂದೆ ಬಿದ್ದ ಜಾಗ ಒಂದೂ ಸಿಗಲಿಲ್ಲ.

ಅದಕ್ಕೆ ಕಾರಣ ಸರಳ. ತುಳಿದಾಗ ಪೆಡಲ್ ಕಾಲಡಿ ಗಡಗಡ ನಡುಗಿ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಶುರು ಮಾಡಿತು ಅಂದರೆ, ಟೈರ್ ತಡೆಯುವುದಕ್ಕಿಂತ ಜಾಸ್ತಿ ಬಲವನ್ನು ಬ್ರೇಕ್ ಆಗಲೇ ಕೊಟ್ಟಾಗಿದೆ. ಅದಕ್ಕಿಂತ ದೊಡ್ಡ ಬ್ರೇಕ್ ಹಾಕಿದರೂ ಒಂದು ಸಲ ನಿಲ್ಲಿಸುವ ದೂರ ಕಡಿಮೆಯಾಗುವುದಿಲ್ಲ. ದೊಡ್ಡ ಡಿಸ್ಕ್ ಜಾಸ್ತಿ ಬಿಸಿ ತಡೆಯುತ್ತದೆ, ಬೇಗ ತಣಿಯುತ್ತದೆ, ಅಷ್ಟೇ ಅದರ ಗುಣ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆಯುವವರಿಗೆ ಆ ಗುಣ ಬೇಕೇ ಬೇಕು. ಪೋರ್ಷೆಯೇ ಕೇಮನ್ ಎಸ್‌ಗೆ ಮುಂದೆ 318 ಮಿ.ಮೀ. ಡಿಸ್ಕ್ ಕೊಟ್ಟಿತ್ತು, ಯಾಕೆಂದರೆ ಆ ಕಾರಿಗೆ ವೇಗ ಜಾಸ್ತಿ.

ಗೆಳೆಯನಿಗೆ ನಷ್ಟವಾದದ್ದು ಬೇರೆ ಕಡೆ. 19 ಇಂಚಿನ ಚಕ್ರಕ್ಕೆ ಟೈರಿನ ಗೋಡೆ ತೆಳ್ಳಗೆ. ಮಳೆ ನಿಂತ ಮೇಲೆ ನಮ್ಮ ರಸ್ತೆಯ ಗುಂಡಿಗಳು ಗೊತ್ತಲ್ಲ, ಅಲ್ಲಿ ರಿಮ್‌ಗೇ ಪೆಟ್ಟು. ಚಕ್ರದ ಭಾರ ಹೆಚ್ಚಿ, ಒರಟು ರಸ್ತೆಯಲ್ಲಿ ಕಾರು ಕುಪ್ಪಳಿಸುತ್ತದೆ. ಮುಂದೆ ಮಾತ್ರ ಬಲ ಜಾಸ್ತಿ ಮಾಡಿದರೆ ಹಿಂದಿನ ಬ್ರೇಕ್ ತನ್ನ ಪಾಲಿನ ಕೆಲಸ ಮಾಡುವುದಿಲ್ಲ. ಹಿಂದೆ ಭಾರ ಇರುವ ಈ ಕಾರಿನಲ್ಲಿ ಅದು ದೊಡ್ಡ ಲುಕ್ಸಾನು. ಕಿಟ್ ಹಾಕಿಸುವವರು ವಿಮಾ ಕಂಪನಿಗೆ ಮೊದಲೇ ತಿಳಿಸಿಡುವುದೂ ಒಳ್ಳೆಯದು.

ಆದ್ದರಿಂದ ನಾನು ಕಿಟ್‌ಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಒಂದು ಪಾಲು ಟೈರ್‌ಗೆ ಹಾಕಿದೆ. ಮುಂದೆ 205/55, ಹಿಂದೆ 235/50, ಅದೇ ಕಂಪನಿ ಅಳತೆ, 17 ಇಂಚು. ಕೊಳ್ಳುವಾಗ ಟೈರಿನ ಗೋಡೆ ಮೇಲಿನ ನಾಲ್ಕು ಅಂಕಿ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಸ್ಪೋರ್ಟ್ಸ್ ಕಾರಿನ ಟೈರ್‌ಗಳು ಅಂಗಡಿಯಲ್ಲಿ ವರ್ಷಗಟ್ಟಲೆ ಕೂತಿರುತ್ತವೆ, ರಬ್ಬರ್ ಗಡುಸಾಗಿರುತ್ತದೆ. ಕಾನೂನಿನ ಪ್ರಕಾರ 1.6 ಮಿ.ಮೀ. ತನಕ ಓಡಿಸಬಹುದು. ನಾನು 3 ಮಿ.ಮೀ.ಗೆ ಬಂದಾಗಲೇ, ಜೂನ್‌ಗೆ ಮೊದಲು, ಬದಲಿಸುತ್ತೇನೆ. ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರ ಕಣ್ಣಿಗೆ ಕಾಣುವಷ್ಟು ಕಡಿಮೆಯಾದದ್ದು ಈ ಟೈರ್ ಬಂದ ಮೇಲೆಯೇ.